ರೂಟರ್ ಕೊಳ್ಳುವ ಮುನ್ನ ಡಬ್ಬದ ಮೇಲಿನ ಅಂಕಿ ಬಿಡಿಸಿ ನೋಡಿ

ಡಬ್ಬದ ಮೇಲೆ ಎಎಕ್ಸ್3000 (ಎಎಕ್ಸ್ ಅಂದರೆ ವೈ-ಫೈ 6) ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮನೆಯಲ್ಲಿರುವ ಯಾವ ಮೊಬೈಲಿಗೂ, ಯಾವ ಲ್ಯಾಪ್‌ಟಾಪಿಗೂ ಆ 3000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಿಗುವುದಿಲ್ಲ. ಅದು ಎರಡು ರೇಡಿಯೋಗಳ ವೇಗ ಕೂಡಿ ದುಂಡು ಮಾಡಿದ ಮೊತ್ತ: 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 2402. ವೈ-ಫೈ 6 ಮೊಬೈಲು ಒಂದು ಹೊತ್ತಿಗೆ ಈ ಎರಡರಲ್ಲಿ ಒಂದೇ ಬ್ಯಾಂಡಿನಲ್ಲಿ (ತರಂಗಪಟ್ಟಿಯಲ್ಲಿ) ಇರುತ್ತದೆ, ಆದ್ದರಿಂದ ಈ ಕೂಡಿಸುವ ಲೆಕ್ಕಕ್ಕೇ ಅರ್ಥವಿಲ್ಲ. 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ (ಸಿಗ್ನಲ್ ಸಾಗುವ ದಾರಿ) ಸಿಕ್ಕರೆ ಮಾತ್ರ. ಬಹಳಷ್ಟು ಮೊಬೈಲುಗಳು 80ಕ್ಕೇ ನಿಲ್ಲುತ್ತವೆ, ಅಲ್ಲಿಗೆ ಅದು 1201 ಆಯಿತು. ಈ 1201 ಗಾಳಿಯಲ್ಲಿನ ಸಂಪರ್ಕದ ವೇಗ. ಡೌನ್‌ಲೋಡ್ ಆಗುವ ವೇಗ ಅದರ 60-70 ಶೇಕಡಾ, ಅಂದರೆ 700ರಿಂದ 800. ಅದೂ ರೂಟರ್ ಇರುವ ಕೋಣೆಯಲ್ಲೇ ಕೂತಿದ್ದರೆ.

ಬಿಡಿಸುವುದು ಗೊತ್ತಾದರೆ ಉಳಿದ ಹೆಸರುಗಳೂ ತಾವಾಗಿ ಬಾಯಿ ಬಿಡುತ್ತವೆ. ಎಎಕ್ಸ್1500 ಅಂದರೆ 300 ಮತ್ತು 1201. ಆ 300 ಬಂದದ್ದು ಹಳೆಯ ವೈ-ಫೈ 4ರಿಂದ, 2.4ರ ಬದಿಗೆ ಹೊಸದೇನೂ ಬಂದಿಲ್ಲ. ಎಎಕ್ಸ್1800ರಲ್ಲಿ 574 ಮತ್ತು 1201. ಎಎಕ್ಸ್5400ರಲ್ಲಿ 574 ಮತ್ತು 4804, 5 ಗಿಗಾಹರ್ಟ್ಸ್‌ಗೆ ನಾಲ್ಕು ಸ್ಟ್ರೀಮು, ಅಂದರೆ ನಾಲ್ಕು ಆಂಟೆನಾದಿಂದ ಏಕಕಾಲಕ್ಕೆ ಹೊರಡುವ ದತ್ತಾಂಶದ ಧಾರೆ. ಮೊಬೈಲಿನಲ್ಲಿರುವುದು ಎರಡೇ ಆಂಟೆನಾ, ಹಾಗಾಗಿ ಅದರ ವೇಗ ಇಮ್ಮಡಿಯಾಗುವುದಿಲ್ಲ. ಆದರೆ ನಾಲ್ಕು ಆಂಟೆನಾದ ರೂಟರ್ ಕ್ಷೀಣ ಸಿಗ್ನಲನ್ನು ಚೆನ್ನಾಗಿ ಹಿಡಿಯುತ್ತದೆ, ಒಂದು ಗೋಡೆಯಾಚೆ ಅದರ ಲಾಭ ಕಾಣುತ್ತದೆ. ಬಿಇ3600 ಅನ್ನುವುದು ವೈ-ಫೈ 7ರ ಹೆಸರಿನಲ್ಲಿ ಬರುವ ಎರಡು ಬ್ಯಾಂಡಿನ ರೂಟರ್: 688 ಮತ್ತು 2882. ವೈ-ಫೈ 7ರ ಹೆಚ್ಚುಗಾರಿಕೆ ಎನಿಸಿದ 6 ಗಿಗಾಹರ್ಟ್ಸ್ ಬ್ಯಾಂಡೂ ಇಲ್ಲ, 320 ಮೆಗಾಹರ್ಟ್ಸ್ ಚಾನೆಲ್ಲೂ ಇಲ್ಲ. ಎಎಕ್ಸ್3000ದಷ್ಟೇ ಬೆಲೆಗೆ ಸಿಕ್ಕರೆ ತಗೊಳ್ಳಿ, 7 ಅನ್ನುವ ಅಂಕಿಗಾಗಿ ಹೆಚ್ಚು ಕೊಡಬೇಡಿ.

ಇನ್ನು ಪೋರ್ಟು. ವೈ-ಫೈ 6 ಅಂತ ಹಣೆಪಟ್ಟಿ ಹಚ್ಚಿಕೊಂಡು ಹಿಂದೆ 100 ಎಂಬಿಪಿಎಸ್ ಪೋರ್ಟು ಇಟ್ಟುಕೊಂಡ ರೂಟರುಗಳಿವೆ. ಗಾಳಿಯಲ್ಲಿ ಎಷ್ಟೇ ವೇಗವಿರಲಿ, ಹೊರಗಿನಿಂದ ಒಳಗೆ ಬರುವುದು 94-95 ಎಂಬಿಪಿಎಸ್ ಅಷ್ಟೇ. ವಿವರಪಟ್ಟಿಯಲ್ಲಿ 10/100 ಎಂದಿದ್ದರೆ ಅಲ್ಲೇ ಬಿಟ್ಟುಬಿಡಿ. 10/100/1000 ಇರಲೇಬೇಕು, ವ್ಯಾನ್ ಪೋರ್ಟಿಗೂ (ಹೊರಗಿನ ಲೈನ್ ಸೇರುವುದು) ಲ್ಯಾನ್ ಪೋರ್ಟಿಗೂ (ಮನೆಯ ಕಂಪ್ಯೂಟರು ಸೇರುವುದು). ಗಿಗಾಬಿಟ್ ಪೋರ್ಟಿನಿಂದ ನಿಜಕ್ಕೂ ಸಿಗುವುದು ಸುಮಾರು 940. ನಿಮ್ಮ ಲೈನೇ ಗಿಗಾಬಿಟ್ ಮೀರಿದ್ದರೆ 2.5 ಗಿಗಾಬಿಟ್ ವ್ಯಾನ್ ಬೇಕು, ಜೊತೆಗೆ ಕನಿಷ್ಠ ಒಂದು ಲ್ಯಾನ್ ಪೋರ್ಟಾದರೂ 2.5 ಆಗಿರಬೇಕು. ಇಲ್ಲದಿದ್ದರೆ ಕೇಬಲ್ ಹಾಕಿಕೊಂಡ ಕಂಪ್ಯೂಟರಿಗೆ ಆ ಹೆಚ್ಚುವರಿ ವೇಗ ತಲುಪುವುದೇ ಇಲ್ಲ.

ಇಷ್ಟಾದರೂ ಕೊಳ್ಳಲು ಹೊರಡುವುದು ಬೇಡ. ಮೊದಲು ಈಗಿರುವ ರೂಟರಿನಲ್ಲೇ ಮೂರು ಅಳತೆ ತೆಗೆಯಿರಿ. ಒಂದು, ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರಿಗೆ ಸೇರಿಸಿ ವೇಗ ಪರೀಕ್ಷೆ. ಎರಡು, ರೂಟರಿನಿಂದ ಎರಡು ಮೀಟರ್ ದೂರದಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಮೊಬೈಲಿನಿಂದ. ಮೂರು, ತೊಂದರೆ ಕೊಡುವ ಕೋಣೆಯಲ್ಲಿ. ಕೇಬಲ್ಲಿನಲ್ಲೇ ನಿಧಾನವಿದ್ದರೆ ದೋಷ ಲೈನಿನದು ಅಥವಾ ಪೋರ್ಟಿನದು. ಕೇಬಲ್ಲಿನಲ್ಲಿ ಸರಿಯಿದ್ದು ಹತ್ತಿರದಲ್ಲೂ ವೈ-ಫೈ ಸೊರಗಿದ್ದರೆ ರೂಟರ್ ಹಳೆಯದಾಗಿದೆ, ಬದಲಾಯಿಸಿದರೆ ಫಲವಿದೆ. ಹತ್ತಿರ ಚೆನ್ನಾಗಿದ್ದು ಆ ಕೋಣೆಯಲ್ಲಿ ಮಾತ್ರ ಸತ್ತುಹೋಗಿದ್ದರೆ ತಪ್ಪು ಗೋಡೆಯದು. ಅದೇ ಮೂಲೆಯಲ್ಲಿ ಹೊಸ ರೂಟರ್ ತಂದಿಟ್ಟರೆ ಅಲ್ಪಸ್ವಲ್ಪ ಸುಧಾರಿಸೀತು, ಅಷ್ಟೇ.

ಯಾಕೆಂದರೆ ಪ್ರಸಾರದ ಶಕ್ತಿಗೆ ಕಾನೂನಿನ ಮಿತಿಯಿದೆ. ಆಂಟೆನಾದ ಗೇನ್ (ಸಿಗ್ನಲನ್ನು ಒಂದು ಕಡೆಗೆ ಒಟ್ಟುಗೂಡಿಸುವ ಬಲ) ಕೂಡ ಆ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತದೆ. ಉದ್ದನೆಯ ಎಂಟು ಕೋಡು ನಿಲ್ಲಿಸಿದ ಮಾತ್ರಕ್ಕೆ ಯಾರೂ ಅದನ್ನು ದಾಟುವಂತಿಲ್ಲ. ಇನ್ನೊಂದು ವಿಷಯ ಜನರಿಗೆ ಹೊಳೆಯುವುದೇ ಇಲ್ಲ: ವೈ-ಫೈ ಎರಡೂ ಕಡೆಯ ಮಾತುಕತೆ. ರೂಟರ್ ಕೂಗಿದ್ದು ಮೊಬೈಲಿಗೆ ಕೇಳಿಸಿದರೆ ಸಾಲದು, ಮೊಬೈಲ್ ಪಿಸುಗುಟ್ಟಿದ್ದು ರೂಟರಿಗೂ ಕೇಳಿಸಬೇಕು. ಪರದೆಯ ಮೇಲೆ ಮೂರು ಗೆರೆ ಕಾಣಿಸಿಯೂ ಪುಟ ತೆರೆಯದೆ ಸುತ್ತುತ್ತಲೇ ಇರುವುದಕ್ಕೆ ಬಹಳ ಸಲ ಇದೇ ಕಾರಣ.

ಗೆರೆಗಳನ್ನು ನಂಬದೆ ವೈ-ಫೈ ಅನಲೈಸರ್ ಆ್ಯಪ್ ಒಂದನ್ನು ಹಾಕಿಕೊಂಡು ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ನೋಡಿ. -60ಕ್ಕಿಂತ ಮೇಲಿದ್ದರೆ ಉತ್ತಮ, -67ರವರೆಗೆ ವಿಡಿಯೋ ಕರೆ ಸಲೀಸು, -75 ದಾಟಿದರೆ ತಡವರಿಕೆ, -80ರ ನಂತರ ಸಂಪರ್ಕ ಇದ್ದೂ ಇಲ್ಲದಂತೆ. ರೂಟರನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ, ಮನೆಯ ನಡುಭಾಗಕ್ಕೆ ತಂದರೆ ಖರ್ಚಿಲ್ಲದೆ 5-10 ಡಿಬಿ ಸಿಗುವುದುಂಟು. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ದೊಡ್ಡ ಕನ್ನಡಿಯ ಪಕ್ಕ, ಮೀನಿನ ತೊಟ್ಟಿಯ ಹತ್ತಿರ ಇಡಬೇಡಿ. ಆಂಟೆನಾದ ತುದಿಯಿಂದ ಸಿಗ್ನಲ್ ಚಿಮ್ಮುವುದಿಲ್ಲ, ಸುತ್ತಲೂ ಬಳೆಯಂತೆ ಹರಡುತ್ತದೆ. ಅದಕ್ಕೇ ಬೇಕಾದ ಕೋಣೆಯ ಕಡೆಗೆ ಆಂಟೆನಾ ತಿರುಗಿಸಿ ಗುರಿಯಿಟ್ಟರೆ ಉಲ್ಟಾ ಆಗುತ್ತದೆ. ಒಂದೇ ಅಂತಸ್ತಿನ ಮನೆಯಾದರೆ ನೆಟ್ಟಗೆ ನಿಲ್ಲಿಸಿ, ಮೇಲಿನ ಅಂತಸ್ತಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ.

ಎರಡು ಕಾಂಕ್ರೀಟ್ ಗೋಡೆಯಾಚೆಗೆ 5 ಗಿಗಾಹರ್ಟ್ಸ್ ಬೇಕೆಂದರೆ ದುಬಾರಿ ರೂಟರಿಗಿಂತ ಸಾಧಾರಣ ರೂಟರ್ ಎರಡು, ನಡುವೆ ಒಂದು ಕೇಬಲ್ ಒಳ್ಳೆಯದು. ಹಳೆಯ ರೂಟರನ್ನೇ ಎರಡನೆಯದಾಗಿ ಬಳಸಬಹುದು. ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ರೂಟರ್ ಕೆಲಸ ಬಿಟ್ಟು ವೈ-ಫೈ ಮಾತ್ರ ಹರಡುವ ಬಗೆ) ಇದ್ದರೆ ಒಂದೇ ಗುಂಡಿಯ ಕೆಲಸ. ಇಲ್ಲದಿದ್ದರೆ ಹೀಗೆ: ಮುಖ್ಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಡಿ (ಮುಖ್ಯ ರೂಟರ್ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಇರಬಾರದು), ಹಳೆಯದರ ಡಿಎಚ್‌ಸಿಪಿ (ವಿಳಾಸ ಹಂಚುವ ಸೇವೆ) ಆಫ್ ಮಾಡಿ, ಮುಖ್ಯ ರೂಟರಿನ ಲ್ಯಾನ್‌ನಿಂದ ಬಂದ ಕೇಬಲನ್ನು ಹಳೆಯದರ ಲ್ಯಾನ್‌ಗೇ ಚುಚ್ಚಿ, ವ್ಯಾನ್ ಪೋರ್ಟು ಖಾಲಿ ಬಿಡಿ. ವೈ-ಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಒಂದೇ ಇರಲಿ; ಚಾನೆಲ್ ಮಾತ್ರ ಬೇರೆ. ಕೇಬಲ್ ಕ್ಯಾಟ್5ಇ ದರ್ಜೆಯದು ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಎಳೆಯುತ್ತದೆ. ಆದರೆ ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಕನೆಕ್ಟರ್ ಒತ್ತುವಾಗ ಒಂದು ತಂತಿ ಕೂರದಿದ್ದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುವುದುಂಟು. ವೇಗ ಸರಿಯಾಗಿ 94ಕ್ಕೆ ಬಂದು ನಿಂತಿದೆ ಎಂದರೆ ರೂಟರನ್ನು ಬಯ್ಯುವ ಮುಂಚೆ ಕೇಬಲ್ ಬದಲಿಸಿ ನೋಡಿ.

ಕೇಬಲ್ ಎಳೆಯಲು ಆಗುವುದೇ ಇಲ್ಲ ಅನ್ನುವವರಿಗೆ ಮೆಶ್ ಇದೆ: ಗಾಳಿಯಲ್ಲೇ ಒಂದಕ್ಕೊಂದು ಮಾತಾಡಿಕೊಳ್ಳುವ ಡಬ್ಬಿಗಳ ಜೋಡಿ. ಎರಡು ಬ್ಯಾಂಡಿನ ಮೆಶ್‌ನಲ್ಲಿ ಒಂದೇ 5 ಗಿಗಾಹರ್ಟ್ಸ್ ರೇಡಿಯೋ ಕೇಳಿಸಿಕೊಂಡು ಮತ್ತೆ ಹೇಳಬೇಕು, ಹಾಗಾಗಿ ಎರಡನೆಯ ಡಬ್ಬಿಯ ಬಳಿ ವೇಗ ಹೆಚ್ಚುಕಡಿಮೆ ಅರ್ಧ. ಆ ಡಬ್ಬಿಯನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಸಿಗ್ನಲ್ ಇನ್ನೂ ಜೀವಂತ ಇರುವ ನಡುದಾರಿಯಲ್ಲಿ ಇಡಬೇಕು, ತನಗೇ ಸಿಗದ್ದನ್ನು ಅದು ಮುಂದಕ್ಕೆ ಎಲ್ಲಿಂದ ಕೊಟ್ಟೀತು?

ಪ್ರೊಸೆಸರ್ ಬಗ್ಗೆ ಡಬ್ಬದ ಮೇಲೆ ಹೆಚ್ಚು ಬರೆದಿರುವುದಿಲ್ಲ, ಆದರೂ ಹುಡುಕಿ. ಎರಡು ಕೋರ್, 1 ಗಿಗಾಹರ್ಟ್ಸ್ ಮೇಲೆ, 256 ಎಂಬಿ ರ‍್ಯಾಮ್ ಇದ್ದರೆ ಈ ದರ್ಜೆಗೆ ಸಮಾಧಾನಕರ. ಸಣ್ಣ ಪ್ರೊಸೆಸರಿನ ರೂಟರೂ ಗಿಗಾಬಿಟ್ ಎಳೆಯುತ್ತದೆ, ಯಾಕೆಂದರೆ ಪ್ಯಾಕೆಟ್ (ದತ್ತಾಂಶದ ತುಣುಕು) ಸಾಗಿಸುವ ಕೆಲಸವನ್ನು ಚಿಪ್ಪಿನೊಳಗಿನ ಪ್ರತ್ಯೇಕ ಭಾಗವೊಂದು ಮಾಡುತ್ತದೆ. ಇದಕ್ಕೆ ಹಾರ್ಡ್‌ವೇರ್ ನ್ಯಾಟ್ ಎನ್ನುತ್ತಾರೆ (ನ್ಯಾಟ್ ಅಂದರೆ ಮನೆಯ ಸಾಧನಗಳನ್ನೆಲ್ಲ ಹೊರಗೆ ಒಂದೇ ವಿಳಾಸದಡಿ ತೋರಿಸುವ ಕೆಲಸ). ಕ್ಯೂಒಎಸ್ (ಯಾರಿಗೆ ಮೊದಲು, ಎಷ್ಟು ವೇಗ ಎಂದು ಹಂಚುವ ವ್ಯವಸ್ಥೆ), ಮಕ್ಕಳ ನಿಯಂತ್ರಣ, ವಿಪಿಎನ್ (ಗುಪ್ತ ಸುರಂಗದಂಥ ಸಂಪರ್ಕ) ಇವುಗಳಲ್ಲಿ ಯಾವುದನ್ನಾದರೂ ಹಚ್ಚಿದರೆ ಎಷ್ಟೋ ರೂಟರುಗಳಲ್ಲಿ ಆ ಭಾಗ ಪಕ್ಕಕ್ಕೆ ಸರಿದು ಹೊರೆಯೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಆಗ ವೇಗ ಅರ್ಧಕ್ಕಿಂತ ಕೆಳಗಿಳಿದರೂ ಅಚ್ಚರಿಯಿಲ್ಲ.

ಕ್ಯೂಒಎಸ್ ಯಾಕೆ ಬೇಕು ಎಂದರೆ, ಮನೆಯಲ್ಲಿ ಒಬ್ಬರು ಫೋಟೋ ಅಪ್‌ಲೋಡ್ ಮಾಡುತ್ತಿರುವಾಗ ಇನ್ನೊಬ್ಬರ ವಿಡಿಯೋ ಕರೆ ತುಂಡು ತುಂಡಾಗುತ್ತದಲ್ಲ, ಅದು ವೇಗದ ಕೊರತೆಯಲ್ಲ. ಪ್ಯಾಕೆಟ್‌ಗಳು ಮೋಡೆಮಿನ ಸರತಿಯಲ್ಲಿ ಪೇರಿಕೊಂಡು ಪಿಂಗ್ (ಪ್ಯಾಕೆಟ್ ಹೋಗಿ ಮರಳುವ ಸಮಯ) 20 ಮಿಲಿಸೆಕೆಂಡಿನಿಂದ ನೂರಾರಕ್ಕೆ ಹಾರುತ್ತದೆ. ಇದಕ್ಕೆ ಮದ್ದು ಎಸ್‌ಕ್ಯೂಎಂ, ಸರತಿ ಬೆಳೆಯದಂತೆ ನೋಡಿಕೊಳ್ಳುವ ಕ್ಯೂಒಎಸ್‌ನ ಒಂದು ಬಗೆ. ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ಹೆಸರುಗಳಲ್ಲಿ ಕಾಣಿಸುತ್ತದೆ. ಲೈನಿನ ನಿಜವಾದ ವೇಗದ 85-90 ಶೇಕಡಾಕ್ಕೆ ಮಿತಿ ಹಾಕಿದರೆ ಸರತಿ ಮೋಡೆಮಿನಿಂದ ರೂಟರಿಗೆ ಬರುತ್ತದೆ, ರೂಟರ್ ಅದನ್ನು ನ್ಯಾಯವಾಗಿ ಹಂಚುತ್ತದೆ. ಇದೆಲ್ಲ ಬೇಕೆನ್ನುವವರು ಓಪನ್‌ಡಬ್ಲ್ಯುಆರ್‌ಟಿ (ಮುಕ್ತವಾಗಿ ಸಿಗುವ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ತಂತ್ರಾಂಶ) ಹಾಕಬಹುದಾದ ರೂಟರ್ ಹುಡುಕಬೇಕು. ಮೀಡಿಯಾಟೆಕ್‌ನ ಎಂಟಿ7981 ಚಿಪ್ಪಿನ ಎಎಕ್ಸ್3000 ರೂಟರುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬ್ರಾಡ್‌ಕಾಮ್ ಚಿಪ್ಪಿನವಕ್ಕೆ ಅಲ್ಲಿ ಬೆಂಬಲ ತೀರಾ ಕಮ್ಮಿ. ಒಂದು ಎಚ್ಚರ: ಮಾಡೆಲ್ ಹೆಸರು ಒಂದೇ ಇದ್ದು ವಿ1, ವಿ2 ಅಂತ ಒಳಗಿನ ಚಿಪ್ಪೇ ಬದಲಾಗಿರುತ್ತದೆ. ತಳದ ಸ್ಟಿಕ್ಕರಿನಲ್ಲಿರುವ ಆವೃತ್ತಿ ನೋಡದೆ ಫರ್ಮ್‌ವೇರ್ ಹಾಕಿದರೆ ರೂಟರ್ ಮತ್ತೆ ಏಳದ ಇಟ್ಟಿಗೆಯಾಗುತ್ತದೆ.

160 ಮೆಗಾಹರ್ಟ್ಸ್ ಕೇಳಲು ಚೆಂದ. ಆದರೆ 36ರಿಂದ 64ನೆಯ ಚಾನೆಲ್‌ವರೆಗಿನ ಆ ಅಗಲದ ಅರ್ಧ ಭಾಗವನ್ನು, ಅಂದರೆ 52ರಿಂದ ಮುಂದಿನದನ್ನು, ಬಹುತೇಕ ದೇಶಗಳಲ್ಲಿ ರಾಡಾರಿನ ಜೊತೆ ಹಂಚಿಕೊಳ್ಳಬೇಕು. ರೂಟರ್ ಪ್ರಸಾರ ಶುರು ಮಾಡುವ ಮುನ್ನ 60 ಸೆಕೆಂಡು ಕಿವಿಗೊಟ್ಟು ಕೂರುತ್ತದೆ. ರಾಡಾರ್ ಕೇಳಿಸಿದರೆ ಆ ಚಾನೆಲ್ ಬಿಟ್ಟು ಓಡುತ್ತದೆ. ವೈ-ಫೈ ಇದ್ದಕ್ಕಿದ್ದಂತೆ ಮಾಯವಾಗಿ ನಿಮಿಷದ ಬಳಿಕ ಮರಳುವುದರ ಗುಟ್ಟು ಇದು. ಜೊತೆಗೆ ಚಾನೆಲ್ ಅಗಲ ಇಮ್ಮಡಿಯಾದಾಗೆಲ್ಲ ಗದ್ದಲವೂ 3 ಡಿಬಿ ಏರುತ್ತದೆ, ದೂರ ಕುಗ್ಗುತ್ತದೆ. ಅಕ್ಕಪಕ್ಕದ ಮನೆಗಳ ವೈ-ಫೈ ಕಿಕ್ಕಿರಿದಿದ್ದರೆ 80 ಮೆಗಾಹರ್ಟ್ಸ್, 36ರಿಂದ 48ರೊಳಗಿನ ಚಾನೆಲ್ ಇಟ್ಟುಬಿಡಿ. 2.4ರಲ್ಲಿ ಅಗಲ 20, ಚಾನೆಲ್ 1, 6, 11ರಲ್ಲಿ ಖಾಲಿಯಿರುವುದು. 3ಕ್ಕೋ 4ಕ್ಕೋ ಹಾಕುವುದು ಜಾಣತನದಂತೆ ಕಂಡರೂ ಎರಡೂ ಕಡೆಯ ಗದ್ದಲವನ್ನು ಮೈಮೇಲೆ ಎಳೆದುಕೊಂಡಂತೆ. ರೂಟರಿಗೆ ಯುಎಸ್‌ಬಿ 3.0 ಡಿಸ್ಕ್ ಚುಚ್ಚಿದ್ದರೆ 2.4 ಕುಂಟುತ್ತದೆ, ಆ ಪೋರ್ಟಿನ ಸದ್ದು ಅದೇ ಬ್ಯಾಂಡಿಗೆ ಬೀಳುತ್ತದೆ.

ಸ್ಮಾರ್ಟ್ ಪ್ಲಗ್ಗು, ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು, ಹೊಸ ಭದ್ರತೆಯ ಬಗೆಯಾದ ಡಬ್ಲ್ಯುಪಿಎ3 ಗೊತ್ತಿಲ್ಲ. ಎರಡೂ ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಡಲು ಬಿಡುವ, ಅತಿಥಿ ಜಾಲವನ್ನು 2.4ರಲ್ಲಿ ಡಬ್ಲ್ಯುಪಿಎ2ರೊಂದಿಗೆ ಪ್ರತ್ಯೇಕ ನಡೆಸಬಲ್ಲ ರೂಟರ್ ಇದ್ದರೆ ತಲೆನೋವು ತಪ್ಪುತ್ತದೆ. ಮೊಬೈಲ್ ಆ್ಯಪ್ ಮತ್ತು ಕ್ಲೌಡ್ ಖಾತೆ ಇಲ್ಲದೆ ಬ್ರೌಸರಿನಲ್ಲಿ ಸೆಟ್ಟಿಂಗ್ ಮಾಡಲು ಬರುವುದೇ ಅಂತಲೂ ನೋಡಿಕೊಳ್ಳಿ. ತಯಾರಕರ ತಾಣದಲ್ಲಿ ಆ ಮಾಡೆಲ್ಲಿನ ಕೊನೆಯ ಫರ್ಮ್‌ವೇರ್ ತಾರೀಖು ಎರಡು ವರ್ಷ ಹಳೆಯದಾಗಿದ್ದರೆ ಅದನ್ನು ಕೈಬಿಡಿ.

ತಂದ ದಿನ ಹಳೆಯದನ್ನು ಕೀಳುವ ಮೊದಲು ಇಂಟರ್ನೆಟ್ ಕೊಡುವವರಿಂದ ಪಿಪಿಪಿಒಇ (ಲೈನಿಗೆ ಲಾಗಿನ್ ಆಗುವ ವಿಧಾನ) ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಲೈನಿನ ಗುರುತಿನ ಅಂಕಿ) ಪಡೆದುಕೊಳ್ಳಿ. ಅವರ ಫೈಬರ್ ಡಬ್ಬಿಯೇ ರೂಟರ್ ಕೆಲಸವನ್ನೂ ಮಾಡುತ್ತಿದ್ದರೆ ಅದನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ದಾಟಿಸುವುದಷ್ಟೇ) ಹಾಕಿಸಬೇಕು. ಇಲ್ಲವಾದರೆ ಎರಡೆರಡು ನ್ಯಾಟ್ ಆಗಿ ಆಟದ ಕನ್ಸೋಲು, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಮನೆಯ ಸಾಧನಕ್ಕೆ ದಾರಿ ಬಿಡುವುದು) ಕೈಕೊಡುತ್ತವೆ. ಅವರು ಒಪ್ಪದಿದ್ದರೆ ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ ನಡೆಸಿ, ಆಗ ಎಸ್‌ಕ್ಯೂಎಂ ಆಸೆ ಬಿಡಬೇಕು. ಎಲ್ಲ ಸರಿಯಿದ್ದೂ ಲೈನ್ ಏಳದಿದ್ದರೆ ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಯಂತ್ರದ ಗುರುತಿನ ಸಂಖ್ಯೆ) ಹೊಸದಕ್ಕೆ ಕೊಟ್ಟು ನೋಡಿ, ಕೆಲವರು ಆ ವಿಳಾಸಕ್ಕೇ ಸಂಪರ್ಕ ಕಟ್ಟಿಹಾಕಿರುತ್ತಾರೆ.

ಮೊದಲು ಫರ್ಮ್‌ವೇರ್ ಏರಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬರೆಯದೆ ಗುಂಡಿ ಅಥವಾ ಪಿನ್‌ನಿಂದ ಸೇರಿಸುವ ಸೌಲಭ್ಯ) ಆಫ್ ಮಾಡಿ. ಆಮೇಲೆ ಒಂದೊಂದೇ ಪೋರ್ಟಿಗೆ ಕೇಬಲ್ ಹಾಕಿ 1000 ತೋರಿಸುತ್ತದೆಯೇ ನೋಡಿ, ಮೊದಲು ತೆಗೆದ ಮೂರು ಅಳತೆಯನ್ನು ಅದೇ ಜಾಗಗಳಲ್ಲಿ ಮತ್ತೆ ತೆಗೆಯಿರಿ, ಎರಡು ದಿನ ಬಿಟ್ಟು ರೂಟರಿನ ಅಪ್‌ಟೈಮ್ (ನಿಲ್ಲದೆ ನಡೆದ ಅವಧಿ) ನೋಡಿ. ಅದು ತಾನಾಗಿ ಮರುಶುರುವಾಗಿದ್ದರೆ ಅಡಾಪ್ಟರ್ ಅಥವಾ ಬಿಸಿಯ ದೋಷವಿರಬಹುದು. ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಇಷ್ಟು ಮಾಡಿ ಮುಗಿಸಿ, ಅಲ್ಲಿಯವರೆಗೆ ಡಬ್ಬ ಎಸೆಯಬೇಡಿ.