ಕಾಲ್ಡ್‌ವೆಲ್ ಊರಿಗೆ ಹೊರಟವರಿಗೆ: ಇಡೈಯನ್‌ಗುಡಿ, ಉವರಿ, ಕೊರ್ಕೈ

ಕನ್ನಡ, ತುಳು, ಕೊಡವ ಭಾಷೆಗಳನ್ನು ತಮಿಳು, ತೆಲುಗಿನ ಪಕ್ಕದಲ್ಲಿಟ್ಟು ಒಂದೇ ಕುಟುಂಬದವೆಂದು ವಿವರವಾಗಿ ತೋರಿಸಿದ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ ಹುಟ್ಟಿದ್ದು 1814ರಲ್ಲಿ, ಐರ್ಲೆಂಡಿನ ಆಂಟ್ರಿಮ್ ಕೌಂಟಿಯಲ್ಲಿ. ತಂದೆತಾಯಿ ಸ್ಕಾಟಿಷ್ ಮೂಲದವರು. ಅವರು ಬಾಳಿದ್ದು ಮಾತ್ರ ತಿರುನೆಲ್ವೇಲಿ ಜಿಲ್ಲೆಯ ದಕ್ಷಿಣ ತುದಿಯ ಇಡೈಯನ್‌ಗುಡಿಯಲ್ಲಿ. ಸಮಾಧಿಯೂ ಅಲ್ಲೇ. 1891ರಲ್ಲಿ ತೀರಿಕೊಂಡದ್ದು ಕೊಡೈಕೆನಾಲ್‌ನಲ್ಲಾದ್ದರಿಂದ ಸಮಾಧಿಯೂ ಅಲ್ಲಿರಬೇಕೆಂದು ಬೆಟ್ಟ ಹತ್ತಬೇಡಿ.

ಬೆಂಗಳೂರಿನಿಂದ ನಾಗರಕೋಯಿಲ್‌ಗೆ ಹೋಗುವ ರಾತ್ರಿ ರೈಲಿನಲ್ಲಿ ತಿರುನೆಲ್ವೇಲಿಗೆ ಇಳಿಯುವುದೇ ಸಲೀಸು. ಪೊಂಗಲ್, ದೀಪಾವಳಿ ಸುತ್ತಮುತ್ತ ಸೀಟು ಸಿಗುವುದು ಕಷ್ಟ, ಬುಕಿಂಗ್ ತೆರೆದ ದಿನವೇ ಮಾಡಿಸಿ. ಅಲ್ಲಿಂದ ತಿಸೈಯನ್‌ವಿಳೈಗೆ ಬಸ್ಸು, ಮುಂದೆ ಟೌನ್ ಬಸ್ಸು ಅಥವಾ ಆಟೋ. ಒಟ್ಟು ಸುಮಾರು 60 ಕಿ.ಮೀ. ಎಡವುವುದು ಈ ಕೊನೆಯ ತುಂಡಿನಲ್ಲಿ: ಬೋರ್ಡುಗಳು ಬಹುಪಾಲು ತಮಿಳಿನಲ್ಲಿರುತ್ತವೆ, ಮಧ್ಯಾಹ್ನ ಬಸ್ಸು ವಿರಳ. ವಾಪಸ್ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರ್ ಬಳಿ ಕೇಳಿಕೊಳ್ಳಿ. ಮ್ಯಾಪ್‌ನಲ್ಲಿ ಹುಡುಕುವಾಗ ತಿಸೈಯನ್‌ವಿಳೈ ಹೆಸರನ್ನೂ ಸೇರಿಸಿ, ‘ಇಡೈ’ಯಿಂದ ಶುರುವಾಗುವ ಊರುಗಳು ತಮಿಳುನಾಡಿನಲ್ಲಿ ಹಲವಿವೆ. ಮೂರ್ನಾಲ್ಕು ಜನರಿದ್ದರೆ ದಿನದ ಲೆಕ್ಕದ ಕಾರೇ ವಾಸಿ.

ಬಸ್ಸಿಗೆ ಕಾಯುತ್ತ ಬೇಸರವಾದರೆ ಕಾಲ್ಡ್‌ವೆಲ್ ಬಂದ ದಾರಿ ನೆನೆಸಿಕೊಳ್ಳಿ. 1838ರಲ್ಲಿ ಮದ್ರಾಸಿಗೆ ಬಂದಿಳಿದವರು, 1841ರಲ್ಲಿ ಅಲ್ಲಿಂದ ಕುಂಭಕೋಣ, ತಂಜಾವೂರು, ತಿರುಚ್ಚಿ, ನೀಲಗಿರಿ, ಮಧುರೈ ಸುತ್ತಿ ತಿರುನೆಲ್ವೇಲಿ ಸೀಮೆಗೆ ಬಂದದ್ದು ಬಹುತೇಕ ಕಾಲ್ನಡಿಗೆಯಲ್ಲಿ. ಜನರ ಆಡುಮಾತು ಕಿವಿಗೆ ಬೀಳಲೆಂದೇ ಹಾಗೆ ನಡೆದರು.

ಊರಿನಲ್ಲಿ ನೋಡಬೇಕಾದ್ದು ಎರಡು. ಹೋಲಿ ಟ್ರಿನಿಟಿ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1847ರಲ್ಲಿ, ಪ್ರತಿಷ್ಠಾಪನೆ 1880ರಲ್ಲಿ. ಮೂವತ್ತಮೂರು ವರ್ಷದ ಕೆಲಸ. ಗಾಥಿಕ್ ಶೈಲಿಯ ಕಿಟಕಿಗಳನ್ನು ಒಳಗಿನಿಂದ ನೋಡಬೇಕು, ಅದಕ್ಕೆ ಬೆಳಗಿನ ಹೊತ್ತೇ ಸರಿ. ಸಮಾಧಿ ಇರುವುದು ಬಲಿಪೀಠದ ಬಳಿ, ಅಂದರೆ ಕೇಳದೆ ಕಾಲಿಡುವ ಜಾಗವಲ್ಲ. ಚಪ್ಪಲಿ ಹೊರಗೆ ಬಿಟ್ಟು, ಚರ್ಚಿನವರ ಅನುಮತಿ ಪಡೆದು ಹೋಗಿ. ಭಾನುವಾರ ಬೆಳಿಗ್ಗೆ ಆರಾಧನೆ ಇರುತ್ತದೆ, ಕ್ಯಾಮೆರಾ ಹಿಡಿದು ತಿರುಗಾಡಲು ಅದು ಹೊತ್ತಲ್ಲ. ಕ್ರಿಸ್‌ಮಸ್, ಈಸ್ಟರ್ ವಾರಗಳಲ್ಲೂ ಅಷ್ಟೇ.

ಇನ್ನೊಂದು, ಅವರ ಮನೆ. ತಮಿಳುನಾಡು ಸರ್ಕಾರ 2011ರಲ್ಲಿ ಅದನ್ನು ಸ್ಮಾರಕ ಮಾಡಿದೆ. ಸರ್ಕಾರಿ ರಜೆಯ ದಿನ, ಊಟದ ಹೊತ್ತು ಎರಡನ್ನೂ ತಪ್ಪಿಸಿ. ಅವರಿಗೆ ಹೆಸರು ತಂದ ಪುಸ್ತಕ, ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣದ ಮೊದಲ ಮುದ್ರಣ 1856ರದು, ಹಿಗ್ಗಿಸಿದ ಎರಡನೆಯದು 1875ರದು. ಹೋಗುವ ಮುಂಚೆ ಎರಡನೆಯದರ ಮುನ್ನುಡಿ ಭಾಗವನ್ನಾದರೂ ಓದಿಕೊಳ್ಳಿ, ಇಲ್ಲದಿದ್ದರೆ ಇದು ಬರೀ ಹಳೇ ಮನೆ. ದೊಡ್ಡ ಸಾಹಿತ್ಯವಿಲ್ಲದಿದ್ದರೂ ತುಳು ಈ ಕುಟುಂಬದಲ್ಲೇ ಅತ್ಯಂತ ಬೆಳೆದ ಭಾಷೆಗಳಲ್ಲೊಂದು ಎಂದು ಅವರು ಬರೆದದ್ದು ಅದರಲ್ಲೇ. ಮಂಗಳೂರಿನವರಿಗೆ ಅಷ್ಟೇ ಸಾಕು ಪ್ರಯಾಣಕ್ಕೆ ನೆಪ!

ಒಂದು ಎಚ್ಚರಿಕೆ. ಇಲ್ಲಿನ ನಾಡಾರ್ ಸಮುದಾಯದ ಬಗ್ಗೆ 1849ರಲ್ಲಿ ಅವರು ಬರೆದ ಕಿರುಹೊತ್ತಿಗೆಗೆ ಆ ಸಮುದಾಯದಿಂದಲೇ ತೀವ್ರ ವಿರೋಧ ಬಂತು. ಊರವರೊಡನೆ ಮಾತಿಗೆ ಕೂತಾಗ ಜಾತಿಯ ಪ್ರಶ್ನೆ ಎಸೆಯಬೇಡಿ.

ಚರ್ಚು, ಮನೆ ಎರಡೂ ನೋಡಲು ಎರಡು ಗಂಟೆ ಧಾರಾಳ. ಊರಿನಲ್ಲಿ ಉಳಿಯುವ ಯೋಚನೆ ಬೇಡ. ತಿರುನೆಲ್ವೇಲಿ ಅಥವಾ ಕನ್ಯಾಕುಮಾರಿಯಲ್ಲಿ ರೂಮು ಮಾಡಿ. ಹತ್ತಿರದ ಉವರಿಯಲ್ಲಿ ಸಮುದ್ರದಂಡೆಯ ಸ್ವಯಂಭುಲಿಂಗ ಸ್ವಾಮಿ ದೇವಸ್ಥಾನ, ಹಡಗಿನಾಕಾರದ ಕಪ್ಪಲ್ ಮಾತಾ ಚರ್ಚು ಇವೆ. ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಸಂಜೆಗೆ ಇಟ್ಟುಕೊಳ್ಳಿ. ಈ ಸೀಮೆಯ ಕೆಂಪು ಮರಳಿಗೆ ‘ತೇರಿ’ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜೋರು, ಮರಳು ಕಣ್ಣಿಗೂ ಲೆನ್ಸಿಗೂ ನುಗ್ಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಇಲ್ಲಿನ ಮಳೆಗಾಲ. ಜನವರಿ, ಫೆಬ್ರುವರಿಯೇ ಒಳ್ಳೆಯದು, ಆದರೆ ಪದನೀರು, ಅಂದರೆ ತಾಳೆಮರದಿಂದ ಇಳಿಸುವ ಸಿಹಿ ನೀರಾ, ಕುಡಿಯಬೇಕೆಂದರೆ ಬಿಸಿಲು ತಡೆದುಕೊಂಡು ಏಪ್ರಿಲ್, ಮೇನಲ್ಲಿ ಬರಬೇಕು. ಬೆಳಿಗ್ಗೆಯೇ ಕುಡಿಯಿರಿ, ಹೊತ್ತೇರಿದರೆ ಹುಳಿಯಾಗುತ್ತದೆ.

ಎರಡನೇ ದಿನವಿದ್ದರೆ ಕೊರ್ಕೈ. ಪಾಂಡ್ಯರ ಈ ಹಳೆಯ ಬಂದರಿನಲ್ಲಿ ಕಾಲ್ಡ್‌ವೆಲ್ ಸ್ವತಃ ಅಗೆಸಿ ನೋಡಿದ್ದರು. ಈಗ ಸಮುದ್ರ ಹಲವು ಕಿಲೋಮೀಟರ್ ದೂರ ಸರಿದಿದೆ, ಹಾಗಾಗಿ ಬಂದರು ಹುಡುಕಿಕೊಂಡು ಹೋದವರಿಗೆ ಕಾಣುವುದು ಗದ್ದೆ, ಬಾಳೆತೋಟ. ಕಣ್ಣಿಗೆ ಕಾಣುವಂಥದ್ದೇ ಬೇಕೆಂದರೆ ಕಬ್ಬಿಣಯುಗದ ಸಮಾಧಿಗಳನ್ನು ಅಗೆದು ತೆಗೆದ ಆದಿಚ್ಚನಲ್ಲೂರನ್ನು ಅದೇ ದಿನ ಸೇರಿಸಿಕೊಳ್ಳಿ, ತಿರುನೆಲ್ವೇಲಿಗೆ ಮರಳುವ ದಾರಿಯಲ್ಲೇ ಸಿಗುತ್ತದೆ.