ಎರಡು ಹಗ್ಗ, ಒಂದು ಕಟಿಂಗ್ ಪ್ಲೇಯರ್

ಧಾರವಾಡ
7 ಫೆಬ್ರುವರಿ 2025, ಶುಕ್ರವಾರ ರಾತ್ರಿ

ವರ್ಕ್‌ಶಾಪಿನಲ್ಲಿ ಇವತ್ತು ಹುಡುಗರಿಗೆ ಹಗ್ಗದ ಆಟ ಆಡಿಸಿ, ಉತ್ತರ ಹೇಗೆ ಹೊಳೆಯಿತು ಅಂತ ಕೇಳಿದಾಗ ಅವರು ಕೊಟ್ಟ ಕಾರಣಗಳನ್ನು ಮರೆಯುವ ಮುಂಚೆ ಬರೆದಿಡಬೇಕು. ನಾಳೆ ಎರಡನೇ ಶನಿವಾರ, ಬೇಗ ಏಳುವ ತಾಪತ್ರಯವಿಲ್ಲ.

ಆಟ ನನ್ನದಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ನಾರ್ಮನ್ ಮೇಯರ್ ಎಂಬ ಮನೋವಿಜ್ಞಾನಿ 1931ರಲ್ಲಿ ಪ್ರಕಟಿಸಿದ ಪ್ರಯೋಗ. ದೊಡ್ಡ ಕೋಣೆಯ ಸೂರಿನಿಂದ ಎರಡು ಹಗ್ಗ ಇಳಿಬಿಟ್ಟಿರುತ್ತಾರೆ. ಎರಡರ ತುದಿ ಸೇರಿಸಿ ಗಂಟು ಹಾಕಬೇಕು. ಆದರೆ ಒಂದನ್ನು ಹಿಡಿದು ಎಷ್ಟು ಚಾಚಿದರೂ ಇನ್ನೊಂದು ಕೈಗೆ ಎಟುಕುವುದಿಲ್ಲ. ಸುತ್ತ ಕುರ್ಚಿ, ಮೇಜು, ಕೋಲು, ವೈರು, ಪ್ಲೇಯರ್ ಎಲ್ಲ ಬಿದ್ದಿರುತ್ತವೆ. ಒಂದು ಹಗ್ಗವನ್ನು ಎಳೆದು ತಂದು ನಡುವೆ ಇಟ್ಟ ಕುರ್ಚಿಗೆ ಕಟ್ಟಿ ಇನ್ನೊಂದನ್ನು ತರಬಹುದು. ವೈರು ಸೇರಿಸಿ ಉದ್ದ ಮಾಡಬಹುದು. ಕೋಲಿನಿಂದ ಎಳೆದುಕೊಳ್ಳಬಹುದು. ಒಂದೊಂದು ಮಾಡಿದಾಗಲೂ ಮೇಯರ್ ‘ಸರಿ, ಈಗ ಬೇರೆ ಥರ ಮಾಡಿ’ ಎನ್ನುತ್ತಿದ್ದರು. ಅವರು ಕಾಯುತ್ತಿದ್ದದ್ದು ನಾಲ್ಕನೆಯ ದಾರಿಗೆ: ಒಂದು ಹಗ್ಗದ ತುದಿಗೆ ಪ್ಲೇಯರಿನಂಥ ಭಾರ ಕಟ್ಟಿ ಲೋಲಕದ ಹಾಗೆ ತೂಗಿಬಿಡುವುದು, ಓಡಿ ಹೋಗಿ ಇನ್ನೊಂದನ್ನು ಹಿಡಿದುಕೊಂಡು, ತೂಗುತ್ತ ಬಂದದ್ದನ್ನು ಗಬಕ್ಕನೆ ಹಿಡಿಯುವುದು.

ದಾರಿ ಕಾಣದೆ ನಿಂತವರ ಎದುರು ಮೇಯರ್ ಏನೋ ಕೆಲಸ ಇದ್ದವರಂತೆ ಕಿಟಕಿಯ ಕಡೆಗೆ ನಡೆದುಹೋಗುತ್ತಿದ್ದರು. ಹೋಗುವಾಗ ಮೈ ತಾಗಿ ಹಗ್ಗ ಸ್ವಲ್ಪ ಅಲುಗುತ್ತಿತ್ತು. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಒಟ್ಟು 61 ಜನರಲ್ಲಿ ನೂರಕ್ಕೆ 39ರಷ್ಟು ಮಂದಿ ಯಾವ ನೆರವೂ ಇಲ್ಲದೆ ಬಿಡಿಸಿದರು, 38ರಷ್ಟು ಮಂದಿ ಸುಳಿವು ಸಿಕ್ಕ ಮೇಲೆ ಬಿಡಿಸಿದರು, ಉಳಿದವರಿಗೆ ಆಗಲೇ ಇಲ್ಲ. ಅಲುಗಿದ ಹಗ್ಗ ಕಂಡವರಿಗೆ ಉತ್ತರ ಹೊಳೆಯಲು ಸಾಮಾನ್ಯವಾಗಿ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಹೇಗೆ ಹೊಳೆಯಿತು ಅಂತ ಕೇಳಿದರೆ ಮಾತ್ರ ಹಗ್ಗದ ಸುದ್ದಿಯೇ ಇಲ್ಲ. ‘ಸುಮ್ಮನೆ ಹೊಳೆಯಿತು’ ಅಂದರು ಕೆಲವರು. ‘ಅದೊಂದೇ ಉಳಿದಿತ್ತಲ್ಲ’ ಅಂದರು ಇನ್ನು ಕೆಲವರು. ಅವರಲ್ಲಿ ಒಬ್ಬರು ಸ್ವತಃ ಮನೋವಿಜ್ಞಾನದ ಪ್ರೊಫೆಸರು. ಅವರ ವಿವರಣೆ ಎಲ್ಲರದಕ್ಕಿಂತ ಸೊಗಸು: ತೂಗಿಕೊಂಡು ಹೊಳೆ ದಾಟುವುದು ನೆನಪಾಯಿತಂತೆ, ಮರದಿಂದ ಮರಕ್ಕೆ ಜೀಕುವ ಮಂಗಗಳು ಕಣ್ಣ ಮುಂದೆ ಬಂದವಂತೆ, ಅದರ ಜೊತೆಯಲ್ಲೇ ಉತ್ತರ ಇಡಿಯಾಗಿ ಬಂದಿತಂತೆ.

ಮಂಗ! ಮೂಗಿನ ಮುಂದೆ ಹಗ್ಗ ಅಲುಗಿತ್ತು.

ನಮ್ಮ ವರ್ಕ್‌ಶಾಪಿನ ಗರ್ಡರಿಗೆ ಇವತ್ತು ಎರಡು ನೈಲಾನ್ ಹಗ್ಗ ಕಟ್ಟಿಸಿದ್ದೆ. ಮೊದಲನೇ ವರ್ಷದ ಡಿಪ್ಲೊಮಾ ಹುಡುಗರು, ಒಬ್ಬೊಬ್ಬರನ್ನೇ ಒಳಗೆ ಕರೆದೆ. ಬೆಂಚಿನ ಮೇಲೆ ಕಟಿಂಗ್ ಪ್ಲೇಯರ್, ಟೆಸ್ಟರ್, ಇನ್ಸುಲೇಶನ್ ಟೇಪು, ಒಂದು ತುಂಡು ಪಿವಿಸಿ ಪೈಪು. ನವಲಗುಂದದ ಕಡೆಯ ಹುಡುಗನೊಬ್ಬ ಪೈಪಿನಿಂದ ಎಳೆಯುವುದನ್ನು ಮುಗಿಸಿ, ಮುಂದೆ ತೋಚದೆ, ಪ್ಲೇಯರಿನ ಬಾಯಿ ತೆಗೆದು ಮುಚ್ಚಿ ಮಾಡುತ್ತ ನಿಂತಿದ್ದ. ನಾನು ಶೆಕೆ ಅಂತ ಕಿಟಕಿ ತೆಗೆಯಲು ಹೊರಟೆ, ಹಗ್ಗಕ್ಕೆ ಭುಜ ತಾಗಿತು. ತಿರುಗಿ ನೋಡುವಷ್ಟರಲ್ಲಿ ಅವನು ಪ್ಲೇಯರಿನ ಎರಡು ಹಿಡಿಗಳ ನಡುವೆ ಹಗ್ಗ ತೂರಿಸಿ ಗಂಟು ಬಿಗಿಯುತ್ತಿದ್ದ. ದೂಡಿಬಿಟ್ಟ, ಓಡಿದ, ಹಿಡಿದ.

“ಅದ್ಹೆಂಗ ಹೊಳೀತಲೇ?”

“ಹಂಗ ತಲ್ಯಾಗ ಬಂತ್ರೀ ಸರ. ಪಂಚಮ್ಯಾಗ ನಮ್ಮೂರಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ತಾರಲ್ರಿ, ಅದ ನೆನಪಾತ್ರಿ.”

“ನಾ ಕಿಟಕಿ ತಗ್ಯಾಕ ಹೋದಾಗ ಏನರ ಕಂಡ್ಯಾ?”

“ನೀವು ಕಿಟಕಿ ತಗದ್ರೇನ್ರಿ?”

ನಾಟಕ ಆಡುವ ಹುಡುಗನಲ್ಲ. ಕಿಟಕಿ ತೆರೆದಿತ್ತು, ಹೊರಗಿನಿಂದ ಟಂಟಂ ಆಟೋಗಳ ಸದ್ದು ಕೇಳುತ್ತಿತ್ತು, ಅವನು ಅದರತ್ತ ಆಗ ನೋಡಿದ. ಒಬ್ಬ ಹುಡುಗನಿಂದ ಏನೂ ಸಿದ್ಧವಾಗುವುದಿಲ್ಲ, ಅವನಿಗೆ ಜೋಕಾಲಿಯೇ ದಾರಿ ತೋರಿಸಿದ್ದರೂ ತೋರಿಸಿರಬಹುದು. ಆದರೆ ಅಲ್ಲಿಯ ಪ್ರೊಫೆಸರರಿಗೆ ಮಂಗ, ನಮ್ಮವನಿಗೆ ಪಂಚಮಿ. ಹೊಳೆದದ್ದಕ್ಕೆ ಒಂದು ಮೂಲ ಹುಡುಕಿಕೊಳ್ಳುವಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಉಗ್ರಾಣಕ್ಕೇ ಹೋಗುತ್ತಾರೆ.

ಮೇಯರ್ ಗುರುತಿಸಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಹಂತಹಂತವಾಗಿ, ಮೊದಲು ತೂಗುವುದು, ಆಮೇಲೆ ಭಾರ ಕಟ್ಟುವುದು, ಹೀಗೆ ಉತ್ತರಕ್ಕೆ ಬಂದವರಲ್ಲಿ ಸುಳಿವನ್ನು ನೆನೆದವರು ಇದ್ದರು. ಒಂದೇ ಏಟಿಗೆ ಇಡೀ ಉತ್ತರ ಹೊಳೆದವರಲ್ಲಿ ಹಾಗೆ ಹೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ‘ಆಹಾ’ ಎನ್ನುವ ಆ ಗಳಿಗೆ ತಾನು ಬಂದ ಹೆಜ್ಜೆಗುರುತನ್ನು ತಾನೇ ಅಳಿಸಿಕೊಂಡು ಬರುತ್ತದೆ ಎಂದಾಯಿತು. ಅವರು ಇನ್ನೊಂದು ಕಿತಾಪತಿಯನ್ನೂ ಮಾಡಿದ್ದರು. ಹಗ್ಗಕ್ಕೆ ಭಾರ ಕಟ್ಟಿ ಗಿರಗಿರ ತಿರುಗಿಸಿ ತೋರಿಸಿದರು. ಈ ಸುಳಿವಿನಿಂದ ಯಾರಿಗೂ ಉಪಯೋಗವಾಗಲಿಲ್ಲ. ಆದರೆ ಇದನ್ನು ಮೊದಲು ತೋರಿಸಿ, ಆಮೇಲೆ ಹಗ್ಗ ಅಲುಗಿಸಿದಾಗ ಉತ್ತರ ಕಂಡುಕೊಂಡವರು, ತಮಗೆ ನೆರವಾದದ್ದು ಆ ತಿರುಗಿಸಿದ್ದೇ ಅಂದರು. 1977ರಲ್ಲಿ ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ತಮ್ಮ ಹೆಸರಾಂತ ಲೇಖನದಲ್ಲಿ ಇದನ್ನೇ ಎತ್ತಿಕೊಂಡು ವಾದಿಸಿದರು: ನಮ್ಮ ತಲೆಯೊಳಗೆ ನಡೆದದ್ದನ್ನು ನಾವು ಕಂಡು ಹೇಳುವುದಿಲ್ಲ, ಹೀಗಿದ್ದರೆ ಸರಿಹೋದೀತು ಎಂದು ತೋರುವ ಕಾರಣವನ್ನು ಊಹಿಸಿ ಹೇಳುತ್ತೇವೆ. ಪಕ್ಕದವನ ಬಗ್ಗೆ ಊಹಿಸುವ ಹಾಗೆಯೇ.

ಎಲೆಕ್ಟ್ರಿಕಲ್‌ನವನಾದ್ದರಿಂದ ನನಗೆ ತೀರಾ ಹಿಡಿಸಿದ್ದು 1951ರ ಬರ್ಚ್ ಮತ್ತು ರಾಬಿನೊವಿಟ್ಜ್ ಪ್ರಯೋಗ. ಹಗ್ಗದ ಆಟಕ್ಕೆ ಮುಂಚೆ ಅವರು ಒಂದು ಗುಂಪಿನಿಂದ ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್ಚು) ಹಾಕಿ ಸರ್ಕ್ಯೂಟ್ ಮಾಡಿಸಿದರು, ಇನ್ನೊಂದು ಗುಂಪಿನಿಂದ ಸ್ವಿಚ್ ಹಾಕಿ. ಆಮೇಲೆ ಭಾರಕ್ಕೆ ಎರಡೂ ಮುಂದಿಟ್ಟರು. ರಿಲೇ ಜೋಡಿಸಿದ್ದ 10 ಜನರೂ ಹಗ್ಗಕ್ಕೆ ಕಟ್ಟಿದ್ದು ಸ್ವಿಚ್! ಸ್ವಿಚ್ ಜೋಡಿಸಿದ್ದ 9 ಜನರಲ್ಲಿ 7 ಮಂದಿ ಕಟ್ಟಿದ್ದು ರಿಲೇ. ಈಗಷ್ಟೇ ವೈರು ಸಿಕ್ಕಿಸಿದ ರಿಲೇ ಅವರ ಕಣ್ಣಿಗೆ ರಿಲೇ ಮಾತ್ರ, ಕಬ್ಬಿಣದ ತುಂಡಾಗಿ ಕಾಣಲೇ ಇಲ್ಲ. ಅದನ್ನೇ ಯಾಕೆ ಕಟ್ಟಿದಿರಿ ಅಂದರೆ ಎರಡೂ ಕಡೆಯವರ ಹತ್ತಿರ ತಯಾರಿ ಉತ್ತರ ಇತ್ತು, ಇದೇ ಹೆಚ್ಚು ಅನುಕೂಲ, ಯಾರಿಗಾದರೂ ಗೊತ್ತಾಗುತ್ತದೆ ಅಂತ.

ಸುಳಿವು ದಾರಿ ತೋರಿಸುವ ಹಾಗೆಯೇ ಕಟ್ಟಿಯೂ ಹಾಕುತ್ತದೆ. ಜಾನ್ಸನ್ ಮತ್ತು ಸ್ಮಿತ್ 1991ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಾಫಿ ಚೆಲ್ಲದಂಥ ಕಪ್ ಒಂದನ್ನು ವಿನ್ಯಾಸ ಮಾಡಲು ಹೇಳಿ, ಕೆಲವರಿಗೆ ಮಾದರಿ ಚಿತ್ರವೊಂದನ್ನು ತೋರಿಸಿದರು. ಚಿತ್ರದಲ್ಲಿ ಸ್ಟ್ರಾ ಇತ್ತು. ಸ್ಟ್ರಾ ಬಳಸಬೇಡಿ ಅಂತ ಬಾಯಿಬಿಟ್ಟು ಹೇಳಿದ್ದರೂ ಮಾದರಿ ನೋಡಿದವರು ಸ್ಟ್ರಾ ಇಟ್ಟರು. ನಮ್ಮಲ್ಲಿ ಪ್ರಾಜೆಕ್ಟ್ ಆರಂಭಿಸುವಾಗ ಹಿಂದಿನ ವರ್ಷದ ‘ಒಳ್ಳೆಯ’ ರಿಪೋರ್ಟನ್ನು ಕೈಗೆ ಕೊಡುವ ಪದ್ಧತಿ ಇದೆ. ಆಮೇಲೆ ಹುಡುಗರು ಕಾಪಿ ಹೊಡೆದರು ಅಂತ ಬೈಯುವ ಪದ್ಧತಿಯೂ ಇದೆ.

ಈ ಸುಳಿವುಗಳ ಹೆಸರಿನಲ್ಲಿ ಓಡುವ ಎಲ್ಲವನ್ನೂ ನಾನು ನಂಬುವುದಿಲ್ಲ. ಆಪಲ್ ಕಂಪನಿಯ ಲೋಗೋ ಕಣ್ಣಿಗೆ ಕಾಣದಷ್ಟು ಬೇಗ ಮಿಂಚಿಸಿದರೆ ಐಬಿಎಂ ಲೋಗೋ ಮಿಂಚಿಸಿದಾಗಿನದಕ್ಕಿಂತ ಜನ ಹೆಚ್ಚು ಸೃಜನಶೀಲರಾಗುತ್ತಾರೆ ಎಂಬ 2008ರ ಅಧ್ಯಯನವಿದೆ. ತೆರೆದ ಬಲ್ಬು ಹೊತ್ತಿಸಿದರೆ ಒಗಟು ಬೇಗ ಬಿಡುತ್ತದೆ ಎಂಬ 2010ರದೂ ಇದೆ. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದವರು ನಿಧಾನವಾಗಿ ನಡೆದರು ಎಂಬ, ಇದೇ ಜಾತಿಯ 1996ರ ಹೆಸರುವಾಸಿ ಪ್ರಯೋಗವನ್ನು 2012ರಲ್ಲಿ ಬ್ರಸೆಲ್ಸ್‌ನವರು ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಕೈಗೆ ಸಿಗಲಿಲ್ಲ. ಅದೇ ವರ್ಷ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಇಂಥ ಸುಳಿವುಗಳ ಸಂಶೋಧಕರಿಗೆ ಬಹಿರಂಗ ಪತ್ರ ಬರೆದು, ಮನೆ ಸರಿಮಾಡಿಕೊಳ್ಳಿ ಅಂತ ಎಚ್ಚರಿಸಿದರು. ಲೋಗೋ ಮತ್ತು ಬಲ್ಬಿನ ಕಥೆಗಳು ತರಬೇತಿ ಶಿಬಿರದ ಸ್ಲೈಡುಗಳಲ್ಲಿ ಚೆನ್ನಾಗಿ ಕಾಣುತ್ತವೆ, ಅಲ್ಲೇ ಇರಲಿ. ಹಗ್ಗದ ಕಥೆ ಬೇರೆ. ಅಲ್ಲಿ ಸುಳಿವಿಗೂ ಉತ್ತರಕ್ಕೂ ನೇರ ನಂಟಿದೆ, ತೂಗುವುದನ್ನು ಕಂಡವನು ತೂಗಿದ. 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲಾರಾ ಥಾಮಸ್ ಮತ್ತು ಅಲೆಹಾಂದ್ರೊ ಯೆರಾಸ್ ಹಗ್ಗವನ್ನು ಮುಟ್ಟದೆಯೇ ಇದನ್ನು ಮಾಡಿದರು. ನಡುನಡುವೆ ವ್ಯಾಯಾಮವೆಂದು ಕೆಲವರಿಗೆ ಕೈ ಬೀಸಲು, ಕೆಲವರಿಗೆ ಕೈ ಚಾಚಲು ಹೇಳಿದರು. ಬೀಸಿದವರಲ್ಲಿ ಬಿಡಿಸಿದವರು ಹೆಚ್ಚು. ಬೀಸಾಟಕ್ಕೂ ಉತ್ತರಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನಿಸಿರಲಿಲ್ಲ.

ಸಂಜೆ ಚಹಾ ಕುಡಿಯುವಾಗ ಮೆಕ್ಯಾನಿಕಲ್ ವಿಭಾಗದ ಗೆಳೆಯರಿಗೆ ಜೋಕಾಲಿ ಹುಡುಗನ ವಿಷಯ ಹೇಳಿದೆ. “ಹಂಗಾರ ಪ್ರಾಜೆಕ್ಟ್ ವೈವಾದಾಗ ‘ಈ ಐಡಿಯಾ ಹೆಂಗ ಬಂತು’ ಅಂತ ಕೇಳ್ತೀವಲ್ರಿ, ಅದಕ್ಕ ಯಾಕ ಮಾರ್ಕ್ಸ್ ಕೊಡಬೇಕು?” ಅಂದರು. ತಮಾಷೆಗೆ ಅಂದರು, ನನಗೆ ಮಾತ್ರ ತಟ್ಟಿತು. ಆ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುವವನು ಮಾತುಗಾರ, ಅಷ್ಟೇ. ‘ಗೊತ್ತಿಲ್ಲರಿ, ಹೊಳೀತು’ ಅನ್ನುವವನು ನಿಜವನ್ನೇ ಹೇಳುತ್ತಿದ್ದಾನೆ, ಅವನಿಗೆ ಸೊನ್ನೆ. ಅದರ ಬದಲು, ಇದು ಕೆಲಸ ಮಾಡುತ್ತದೆ ಅಂತ ಹೇಗೆ ಪರೀಕ್ಷಿಸಿದೆ ಎಂದು ಕೇಳಬಹುದು. ಅದಕ್ಕೆ ಮೀಟರ್ ರೀಡಿಂಗ್ ತೋರಿಸಬೇಕಾಗುತ್ತದೆ, ಮಂಗ ನಡೆಯುವುದಿಲ್ಲ. ಮುಂದಿನ ವೈವಾಕ್ಕೆ ನನ್ನ ಹಾಳೆಯಿಂದ ಆ ಪ್ರಶ್ನೆ ತೆಗೆಯುತ್ತೇನೆ.

ಮುಂದಿನ ವಾರ ಎರಡನೇ ವರ್ಷದವರಿಗೆ ರಿಲೇ–ಸ್ವಿಚ್ ಆಟ ಮಾಡಿಸಬೇಕು. ತೊಂದರೆ ಏನೆಂದರೆ ಈಗ ಲ್ಯಾಬಿನಲ್ಲಿರುವ ರಿಲೇಗಳು ಸಕ್ಕರೆ ಅಚ್ಚಿನಷ್ಟು ಸಣ್ಣವು, ಕಟ್ಟಿದರೆ ಹಗ್ಗಕ್ಕೆ ಗೊತ್ತೂ ಆಗುವುದಿಲ್ಲ. ಸ್ಟೋರಿನಲ್ಲಿ ಹಳೆಯ ಕಾಂಟ್ಯಾಕ್ಟರ್, ಅಂದರೆ ದೊಡ್ಡ ರಿಲೇಯಂಥದ್ದು, ಒಂದಿದೆ, ಅದರ ಜೋಡಿಗೆ ಮೇನ್ ಸ್ವಿಚ್ ಇಡಬಹುದು. ಎರಡನ್ನೂ ತಕ್ಕಡಿಗೆ ಹಾಕಿ ನೋಡಬೇಕು. ಒಂದು ಇನ್ನೊಂದಕ್ಕಿಂತ ಭಾರವಿದ್ದರೆ ‘ಇದೇ ಅನುಕೂಲ ಸರ’ ಅನ್ನುವ ಹುಡುಗನ ಮಾತು ನಿಜವೇ ಆಗಿಬಿಡುತ್ತದೆ.