ಕಂಡದ್ದೊಂದು, ಫೋನಿನಲ್ಲಿ ಹೇಳಿದ್ದೊಂದು

ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶನದ 'ದಿ ಫ್ರಂಟ್ ಪೇಜ್' (1931) ಚಿತ್ರವನ್ನು ಹಿಂದೊಮ್ಮೆ ಮಸುಕು ಪ್ರತಿಯಲ್ಲಿ ನೋಡಲು ಕುಳಿತು ಅರ್ಧಕ್ಕೇ ಎದ್ದಿದ್ದೆ. ಬಹುಕಾಲ ಎಲ್ಲೆಡೆ ಓಡಾಡುತ್ತಿದ್ದದ್ದು ವಿದೇಶಗಳಿಗೆಂದು ಬೇರೆ ಟೇಕ್‌ಗಳಿಂದ ಜೋಡಿಸಿದ ಪ್ರತಿಯೆಂದೂ ಅಮೆರಿಕದಲ್ಲಿ ತೆರೆಕಂಡ ಮೂಲರೂಪವನ್ನು ಈಚೆಗೆ ಸಂಸ್ಕರಿಸಲಾಗಿದೆಯೆಂದೂ ತಿಳಿದ ಮೇಲೆ, ಕಳೆದ ವಾರ ಅದನ್ನು ಎರಡು ಸಲ ನೋಡಿದೆ.

ಷಿಕಾಗೋದ ಕ್ರಿಮಿನಲ್ ಕೋರ್ಟ್ ಕಟ್ಟಡದಲ್ಲಿ ವರದಿಗಾರರಿಗೆಂದು ಮೀಸಲಾದ ಒಂದು ಕೋಣೆ; ಕಿಟಕಿಯ ಕೆಳಗೆ ಗಲ್ಲುಗಂಬ. ಪೊಲೀಸನೊಬ್ಬನನ್ನು ಕೊಂದ ಅರ್ಲ್ ವಿಲಿಯಮ್ಸ್ ಬೆಳಗಾದರೆ ನೇಣಿಗೇರಬೇಕು. ಚುನಾವಣೆ ಹತ್ತಿರವಿರುವುದರಿಂದ ಮೇಯರ್‌ಗೂ ಶೆರಿಫ್‌ಗೂ ಆ ಹೆಣ ಬೇಕಾಗಿದೆ. ಅಷ್ಟರಲ್ಲಿ ಅವನು ತಪ್ಪಿಸಿಕೊಳ್ಳುತ್ತಾನೆ. ಮದುವೆಯಾಗಿ ಈ ಕಸುಬಿಗೇ ತಿಲಾಂಜಲಿ ಬಿಡಲು ಹೊರಟಿದ್ದ ಹಿಲ್ಡಿ ಜಾನ್ಸನ್ (ಪ್ಯಾಟ್ ಓಬ್ರಯನ್) ಸುದ್ದಿಯ ಆಸೆಗೆ ಬಿದ್ದು ಅವನನ್ನು ಬರೆಯುವ ಮೇಜಿನೊಳಗೆ ಬಚ್ಚಿಡುತ್ತಾನೆ. ಭಾವೀ ಪತ್ನಿ ಕಾಯುತ್ತಲೇ ಇರುತ್ತಾಳೆ.

ನಾಟಕವನ್ನೇ ಚಿತ್ರವಾಗಿಸಿದ್ದು ಎಂಬ ದೂರನ್ನು ನಾನು ಒಪ್ಪಲಾರೆ. 1928ರ ಮೂಲ ನಾಟಕವನ್ನು ಬರೆದ ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕಾರ್ಥರ್ ಇಬ್ಬರೂ ಷಿಕಾಗೋದಲ್ಲೇ ವರದಿಗಾರರಾಗಿದ್ದವರು ಎಂಬುದು ನಿಜ. ಆದರೆ ಧ್ವನಿ ಬಂದ ಹೊಸತರಲ್ಲಿ ಮೈಕಿಗೆ ಹೆದರಿ ಅನೇಕ ಚಿತ್ರಗಳ ಕ್ಯಾಮೆರಾ ನಿಂತಲ್ಲೇ ನಿಂತಿದ್ದಾಗ, ಇಲ್ಲಿ ಅದು ಇಸ್ಪೀಟಿನ ಮೇಜಿನ ಸುತ್ತ ತಿರುಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಟೆಲಿಫೋನು. ವಿಲಿಯಮ್ಸ್ ಸಿಕ್ಕಿಬಿದ್ದದ್ದನ್ನು ನಾವು ಕಣ್ಣಾರೆ ನೋಡುತ್ತೇವೆ. ಮರುಕ್ಷಣವೇ ಒಬ್ಬೊಬ್ಬ ವರದಿಗಾರನೂ ರಿಸೀವರ್ ಹಿಡಿದು ತನ್ನ ಪತ್ರಿಕೆಗೆ ಅದೇ ಸಂಗತಿಯನ್ನು ಬೇರೆ ಬೇರೆಯಾಗಿ, ಒಂದು ಚೂರೂ ಅಳುಕದೆ ಹೇಳುತ್ತಾನೆ. ಕಣ್ಣು ಒಂದನ್ನು, ಕಿವಿ ಇನ್ನೊಂದನ್ನು ಗ್ರಹಿಸುವ ಈ ಆಟ ಮೂಕಿ ಚಿತ್ರದಲ್ಲಿ ಹೀಗೆ ಕುದುರುತ್ತಿರಲಿಲ್ಲ.

ಹಿಲ್ಡಿಯ ಸಂಪಾದಕ ವಾಲ್ಟರ್ ಬರ್ನ್ಸ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಲೂಯಿಸ್ ವೋಲ್‌ಹೈಮ್ ತೀರಿಕೊಂಡದ್ದರಿಂದ ಅದು ಅಡಾಲ್ಫ್ ಮೆಂಜೂ ಪಾಲಾಯಿತು. ಸೂಟಿನ ಇಸ್ತ್ರಿ ಕೆಡದಂತೆ ಲುಚ್ಚಾತನ ಮಾಡುವವರು ಅವರಷ್ಟು ಚೆನ್ನಾಗಿ ಸಿಕ್ಕುತ್ತಿರಲಿಲ್ಲವೇನೋ. ಕೊನೆಯಲ್ಲಿ ಬರ್ನ್ಸ್ ತನ್ನ ಗಡಿಯಾರವನ್ನು ಹಿಲ್ಡಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟು ರೈಲಿಗೆ ಕಳಿಸುತ್ತಾನೆ. ಹಿಲ್ಡಿ ಅತ್ತ ಹೋದೊಡನೆ, ಗಡಿಯಾರ ಕದ್ದವನನ್ನು ಹಿಡಿಯಿರಿ ಎಂದು ಫೋನಿನಲ್ಲಿ ಅಪ್ಪಣೆ ಮಾಡುತ್ತಾನೆ. ಆ ವಾಕ್ಯದಲ್ಲೊಂದು ಬೈಗುಳವಿದೆ. ಅದು ಬಾಯಿಂದ ಹೊರಬೀಳುವ ಹೊತ್ತಿಗೆ ಸರಿಯಾಗಿ ಟೈಪ್‌ರೈಟರ್ ಸದ್ದು ಮಾಡಿ, ಅದನ್ನು ನುಂಗಿಬಿಡುತ್ತದೆ.